ಎಡಕ್ಕೆ ಬಿದ್ದ ಹೂ

ಕಟಕೋಳದ ಪರಸಪ್ಪ ಹುಡುಕುವುದರಲ್ಲಿ ಹೆಸರುವಾಸಿ. ಒಮ್ಮೆ ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುತ್ತ ಸವದತ್ತಿಯವರೆಗೂ ಹೋಗಿ, ಬರುವಾಗ ಎರಡು ಎಮ್ಮೆ ಹೊಡೆದುಕೊಂಡು ಬಂದಿದ್ದ. ಇನ್ನೊಂದು ಎಮ್ಮೆ ತನ್ನನ್ನೇ ಹುಡುಕುತ್ತಿತ್ತು ಎಂದ. ನಾವು ನಂಬಿದೆವು. ಎಮ್ಮೆಯೂ ಅಲ್ಲ ಎನ್ನಲಿಲ್ಲ.

ಇಂಥವನು ಮೊಬೈಲಿನಲ್ಲಿ ಯಾರೋ ಸ್ವಾಮಿಗಳ ಪ್ರವಚನ ಕೇಳಿದ. ಮನಸಾರೆ ಹುಡುಕಿದವನಿಗೆ ದೇವರು ಗುರುತು ಕೊಟ್ಟೇ ಕೊಡುತ್ತಾನೆ ಎಂದರಂತೆ. ಮರುದಿನ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ನನಗೆ ಹೇಳಿದ:

"ದೇವ್ರು ಅದಾನಂತ ಗೊತ್ತಾತಂದ್ರ ಮನಿ ಬಿಟ್ಟು ಅವನ ಹಿಂದ ಹೊಂಟ್ಬಿಡ್ತೇನಿ, ಅಣ್ಣಾ. ಇಲ್ಲಂತ ಗೊತ್ತಾತಂದ್ರ ದೇವರ ಜಗಲಿ ಕಿತ್ತ ಹಾಕಿ ಅಲ್ಲಿ ಜ್ವಾಳದ ಚೀಲಾ ಇಡತೇನಿ."

ಅವನ ಹೆಂಡತಿ ಶಟ್ಟೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದಳು.

"ಅಂದ್ರ ಗಂಡರ ಹೋಗಬೇಕು, ಇಲ್ಲಾ ದೇವರರ ಹೋಗಬೇಕು. ಎರಡೂ ನನ್ನ ಮನೀವ ಅಲ್ರಿ?"

"ಖರೇದು ತಿಳಕೋಬೇಕಲ್ಲ, ಶಟ್ಟಿ."

"ಇಷ್ಟ ದಿನಾ ತಿಳೀದ ಉಂಡು ಮಲಗಿಲ್ಲೇನು?"

ಪರಸಪ್ಪ ಕೇಳಲಿಲ್ಲ. ನನ್ನನ್ನೂ ಜೊತೆಗೆ ಎಳೆದುಕೊಂಡು ಸವದತ್ತಿಯ ಗುಡ್ಡ ಹತ್ತಿದ, ಕಿತ್ತೂರಿಗೆ ಹೋದ, ರಾಮದುರ್ಗಕ್ಕೂ ಹೋದ. ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಧ್ಯಾನಕ್ಕೆ ಕುಳಿತಾಗಲಂತೂ ಅವನ ಮನಸ್ಸು ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಚಾಲೂ ಇದ್ದ ಬಸ್ಸುಗಳೂ ನಿಂತುಬಿಟ್ಟವು. ಡ್ರೈವರುಗಳು ಬಂದು ಕೈಮುಗಿದ ಮೇಲೆ ಕಣ್ಣು ತೆರೆದ.

"ಏನರ ಕಂಡ್ತೇನೋ?" ಎಂದೆ.

"ಕತ್ತಲದಾಗ ಯಾರೋ ಮುಂದ ನಿಂತಂಗ ಆತು. ಕಣ್ಣ ತೆಗದ್ರ ನೀ ಇದ್ದಿ."

ಅವನ ಮುಖದ ನಿರಾಸೆಯನ್ನು ನಾನಿನ್ನೂ ಮರೆತಿಲ್ಲ.

ಕೊನೆಗೆ ಊರಿನ ಹನುಮಪ್ಪನ ಗುಡಿಗೇ ಬಂದ. ಅಲ್ಲಿ ಹೂ ಹಚ್ಚಿ ಕೇಳುವ ಪದ್ಧತಿ. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಪ್ರಶ್ನೆ ಕೇಳಬೇಕು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಹೆಣ್ಣು ತರಲೋ, ಬೋರು ಹೊಡೆಸಲೋ, ಪಂಚಾಯ್ತಿ ಚುನಾವಣೆಗೆ ನಿಲ್ಲಲೋ, ಎಲ್ಲವನ್ನೂ ಜನ ಕೇಳಿದ್ದರು. ಇದೊಂದನ್ನು ಯಾರೂ ಕೇಳಿರಲಿಲ್ಲ.

ಪೂಜಾರಿ ದಿಗಂಬರ ಭಟ್ಟರು ಹೂ ಹಚ್ಚಿ ಹಿಂದೆ ಸರಿದರು. ಶಟ್ಟೆವ್ವ ಕಂಬದ ಮರೆಯಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು. ಪರಸಪ್ಪ ಕೈ ಜೋಡಿಸಿದ.

"ಹನುಮಪ್ಪಾ, ನೀ ಅದೀ ಏನು?"

ಗಾಳಿ ಇರಲಿಲ್ಲ. ಹೂ ಬಿತ್ತು. ಎಡಗಡೆಯದು.

"ಇಲ್ಲಂತ," ಎಂದರು ಭಟ್ಟರು, ರೂಢಿಯಂತೆ. ಆಮೇಲೆ ತಮ್ಮ ಮಾತು ತಮಗೇ ಕೇಳಿಸಿ ಗಾಬರಿಯಾದರು.

"ಹಂಗಾರ ಜಗಲಿ ಕೀಳಬೇಕು." ಪರಸಪ್ಪ ಬಾಗಿಲವರೆಗೆ ಹೋಗಿ ನಿಂತ. "ಇಲ್ಲಂತ ಹೇಳಿದಾಂವ ಯಾರ್ರಿ?"

"ಹನುಮಪ್ಪ."

"ಹೇಳಿದಾ ಅಂದ್ರ ಅದಾನಲ್ರಿ! ಮನಿ ಬಿಡಬೇಕು." ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದ. "ದೇವ್ರು ಸುಳ್ಳ ಹೇಳ್ತಾನೇನ್ರಿ?"

"ಹೇಳಂಗಿಲ್ಲಪಾ."

"ಅಂದ್ರ ಇಲ್ಲ."

"ನನಗ ತಲಿ ತಿರಗಲಿಕ್ಕೆ ಹತ್ತೇದ, ಮಾರಾಯಾ. ಇನ್ನೊಮ್ಮೆ ಕೇಳೂಣೇನು?"

"ಒಂದ ಮಾತು ಎರಡ ಸಲ ಕೇಳಬಾರದಂತ ನೀವ ಬೋರ್ಡ್ ಹಾಕೀರಲ್ರಿ."

ಪರಸಪ್ಪ ಮೆಟ್ಟಿಲ ಮೇಲೆ ಕುಸಿದು ಕುಳಿತ. ಶಟ್ಟೆವ್ವ ಕಣ್ಣು ತೆರೆದು ಮೆಲ್ಲಗೆ ಹೇಳಿದಳು: "ತೀರ್ಮಾನ ಆಗೂತನಕ ಮನಿಗೆ ನಡೀರಿ. ಎಮ್ಮಿ ಹಿಂಡಬೇಕು."

ಅವನು ತಲೆ ಕೆರೆಯುತ್ತ ಮುಂದೆ ನಡೆದ. ಅವಳು ಬಿದ್ದ ಹೂವನ್ನು ಎತ್ತಿ, ಕಣ್ಣಿಗೊತ್ತಿಕೊಂಡು ಮುಡಿದಳು.

"ಇಲ್ಲ ಅಂದ ಹೂ ಯಾರರ ಮುಡೀತಾರೇನವಾ?" ಎಂದೆ.

"ಕೇಳಿದವರು ಅವರೊಬ್ಬರ ಅಲ್ರಿ, ಅಣ್ಣಾ. ನಾನೂ ಕೇಳಿದ್ದೆ. ಗಂಡನೂ ಉಳೀಬೇಕು, ನೀನೂ ಉಳೀಬೇಕು, ಹೆಂಗರ ಮಾಡಪಾ ಅಂತ. ಮಾಡಿದಾ."

"ಹಂಗಾರ ಗುರ್ತು ನಿನಗ ಸಿಕ್ತು! ತಡಿ, ಪರಸಪ್ಪಗ ಹೇಳ್ತೇನಿ."

"ಹೇಳಿದ್ರ ಅವರು ಮನಿ ಬಿಟ್ಟು ಹೊಕ್ಕಾರ. ಆಗ ದೇವ್ರು ನನ್ನ ಮಾತು ನಡಿಸಿಕೊಟ್ಟಂಗ ಆಗಲಿಲ್ಲ. ನಡಿಸಿಕೊಡಲಿಲ್ಲಂದ್ರ ಅಂವಾ ಇಲ್ಲ. ಇದ್ದ ದೇವರನ್ನ ಕಳೀತೀರೇನು ನೋಡ್ರಿ."

ಹೀಗೆ ದೇವರು ಇರುವುದು ಬಿಡುವುದು ನನ್ನ ಬಾಯಿಯ ಮೇಲೆ ಬಂದು ನಿಂತಿತು.

ಈಗಲೂ ಸಂಜೆ ಎಮ್ಮೆ ಹಿಂಡಿ ಪರಸಪ್ಪ ತನ್ನ ಮನೆಯ ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂರುತ್ತಾನೆ. ಒಳಗೆ ಜಗಲಿಯ ಮೇಲೆ ದೀಪ ಉರಿಯುತ್ತಿರುತ್ತದೆ. "ನಿನಗೇನ ಅನಸ್ತೈತಿ, ಅಣ್ಣಾ? ಅದಾನೋ, ಇಲ್ಲೋ?" ಎನ್ನುತ್ತಾನೆ. ನಾನು ಬಾಯಲ್ಲಿ ತಂಬಾಕು ತುಂಬಿದೆ ಎಂದು ಸನ್ನೆ ಮಾಡುತ್ತೇನೆ.

ಮೊದಲು ನಾನು ತಂಬಾಕು ತಿನ್ನುತ್ತಿರಲಿಲ್ಲ.