ನಾನು ಲಿವರ್ ಹಾಕಿದ್ದೆ

ತನಿಖೆಯ ವರದಿಯಲ್ಲಿ ಅವಳ ಬಗ್ಗೆ ಇದ್ದದ್ದು ಒಂದೇ ಸಾಲು: ಏರಿನಲ್ಲಿ ಚಾಲಕಿ ನಾಲ್ಕು ಗಾಲಿಯ ಲಿವರ್ ಹಾಕಿರಲಿಲ್ಲ. ಅವಳು ಅದನ್ನು ಎರಡು ಸಲ ಓದಿ, ಸಹಿ ಹಾಕದೆ ಗುಮಾಸ್ತರ ಮೇಜಿನ ಮೇಲಿಟ್ಟು ಹೊರಗೆ ಬಂದಳು.

ಆಸ್ಪತ್ರೆಯ ಹಳೆಯ ಜೀಪನ್ನು ಹನ್ನೊಂದು ವರ್ಷದಿಂದ ಓಡಿಸುತ್ತಿದ್ದವಳು ಅವಳು. ಕೆಳಗೆ ಆಸ್ಪತ್ರೆ, ಮೇಲೆ ಕಲ್ಲಿನ ಕ್ವಾರಿ, ಕ್ವಾರಿಯ ಪಕ್ಕ ಕೆಲಸಗಾರರ ಅರವತ್ತು ಮನೆ. ನಡುವೆ ಜೇಡಿಮಣ್ಣಿನ ಏರು. ನಾಲ್ಕು ಹನಿ ಬಿದ್ದರೆ ಸಾಕು, ಆ ದಾರಿ ಹತ್ತಲು ನಾಲ್ಕೂ ಗಾಲಿ ಎಳೆಯಲೇಬೇಕು; ಮುಂದಿನ ಗಾಲಿಗಳಿಗೂ ಶಕ್ತಿ ಕೊಡಲೆಂದೇ ಆ ಲಿವರ್. ಹಿಂದಿನ ವಾರ ಕಲ್ಲು ಬಿದ್ದು ಪಾದ ಜಜ್ಜಿಹೋದ ಕೆಲಸಗಾರನನ್ನು ಕರೆತರಲು ಹೊರಟಾಗ ಜೀಪು ಅರ್ಧ ಏರಿನಲ್ಲಿ ನಿಂತಿತ್ತು. ಲಿವರ್ ಹಾಕಿದ್ದಳು. ಆದರೂ ಹಿಂದಿನ ಗಾಲಿಗಳಷ್ಟೇ ಸುತ್ತಿ ಕೆಸರು ಎರಚಿದವು. ಮುಂದಿನವು ನೆಂಟರ ಮನೆಗೆ ಬಂದವರಂತೆ ತೆಪ್ಪಗಿದ್ದವು. ಗಾಯಾಳುವನ್ನು ಅವನ ಹೆಂಡತಿಯೂ ಇನ್ನು ಮೂವರೂ ಬಾಗಿಲಿನ ಹಲಗೆಯ ಮೇಲೆ ಹೊತ್ತು ಇಳಿಸಬೇಕಾಯಿತು. ಪಾದ ಉಳಿಯಿತು, ಎರಡು ಬೆರಳು ಉಳಿಯಲಿಲ್ಲ.

ವಾಹನ ವಿಭಾಗದ ಇಂಜಿನಿಯರು ಜೀಪಿನ ಕೆಳಗೆ ಬಗ್ಗಿಯೂ ನೋಡದೆ ವರದಿ ಬರೆದಿದ್ದರು. ಜೀಪು ಗುಜರಿಗೆ, ಅದರ ಬದಲು ಒಂದು ವ್ಯಾನು ಎಂಬುದು ಅವರ ತೀರ್ಮಾನ. ವ್ಯಾನು ಆ ಏರು ಹತ್ತುವುದಿಲ್ಲವಲ್ಲ ಎಂದು ಅವಳು ಕೇಳಿದ್ದಕ್ಕೆ, ರೋಗಿಗಳೇ ಏರಿನ ಬುಡಕ್ಕೆ ಬರಲಿ ಎಂದಿದ್ದರು. ಸಹಿ ಹಾಕದಿದ್ದರೆ ಮರುತಪಾಸಣೆ ಆಗಲೇಬೇಕೆಂಬ ನಿಯಮ ಅವಳಿಗೆ ಗೊತ್ತಿತ್ತು. ಶುಕ್ರವಾರ ಬೆಳಿಗ್ಗೆ ಎಂದು ನಿಗದಿಯಾಯಿತು.

ಅವಳು ಜೀಪನ್ನು ನೇರವಾಗಿ ಸೋದರಮಾವನ ಅಂಗಳಕ್ಕೆ ತಂದು ನಿಲ್ಲಿಸಿದಳು. ಮೂವತ್ತು ವರ್ಷ ಗ್ಯಾರೇಜಿನಲ್ಲಿ ಸವೆದ ಅವನನ್ನು ಎಲ್ಲರೂ ಪಾನಾ ಮಾವ ಎಂದೇ ಕರೆಯುತ್ತಿದ್ದರು. ಈಗ ಕೈ ನಡುಗುವ ಕಾಯಿಲೆ. ಒಂದು ನಟ್ಟು ಹಿಡಿದರೆ ಅದು ಅವನ ಬೆರಳುಗಳ ನಡುವೆ ಕುಣಿಯುತ್ತಿತ್ತು. ನಾಲಿಗೆಗೆ ಮಾತ್ರ ಆ ಕಾಯಿಲೆ ತಗುಲಿರಲಿಲ್ಲ.

ಅವನು ಮರದ ಪೆಟ್ಟಿಗೆ ಎಳೆದುಕೊಂಡು ಕೂತು, ಅವಳನ್ನು ಜೀಪಿನ ಕೆಳಗೆ ಕಳಿಸಿದ. ಮುಂದಿನ ಗಾಲಿಗಳನ್ನು ತಿರುಗಿಸುವ ಆಕ್ಸಲ್ಲು ಬಲಗಡೆಯಲ್ಲಿ ಇಡಿಯಾಗಿಲ್ಲ, ಕಂಪನಿಯವರೇ ಎರಡು ತುಂಡು ಮಾಡಿಟ್ಟಿದ್ದಾರೆ ಎಂದು ವಿವರಿಸಿದ. ನಡುವೆ ಹಲ್ಲಿರುವ ಒಂದು ಬಳೆ. ಲಿವರ್ ಹಾಕಿದಾಗ ಇಂಜಿನ್ನು ಸಣ್ಣ ರಬ್ಬರ್ ಪೈಪಿನಿಂದ ಗಾಳಿ ಹೀರುತ್ತದೆ; ಆ ಸೆಳೆತಕ್ಕೆ ಪೈಪಿನ ಇನ್ನೊಂದು ತುದಿಯಲ್ಲಿ, ಆಕ್ಸಲ್ಲಿಗೆ ಕೂರಿಸಿದ ಡಬ್ಬಿಯೊಳಗಿನ ಪೊರೆ ಸರಿದು ಬಳೆಯನ್ನು ತಳ್ಳುತ್ತದೆ; ಬಳೆ ಎರಡೂ ತುಂಡನ್ನು ಒಂದು ಮಾಡುತ್ತದೆ. ಸೆಳೆತ ಇಲ್ಲದಿದ್ದರೆ ಲಿವರನ್ನು ಕಿತ್ತು ಬರುವ ಹಾಗೆ ಎಳೆದರೂ ಮುಂದಿನ ಗಾಲಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಡಬ್ಬಿಯ ಮೂತಿಯನ್ನು ಬಾಯಲ್ಲಿಟ್ಟು ಹೀರಿ, ನಾಲಿಗೆಯಿಂದ ಮುಚ್ಚು ಎಂದ. ಪೊರೆ ಸರಿಯಿದ್ದರೆ ಅದು ನಾಲಿಗೆಯನ್ನು ಹಿಡಿದುಕೊಳ್ಳಬೇಕು. ಅವಳು ಹೀರಿದಳು. ಧೂಳಿನ ರುಚಿ ಬಂತೇ ಹೊರತು ನಾಲಿಗೆಯನ್ನು ಯಾರೂ ಹಿಡಿಯಲಿಲ್ಲ. ಪೊರೆ ಹರಿದಿತ್ತು, ಪೈಪುಗಳು ಒಣಗಿ ಬಿರಿದಿದ್ದವು.

"ಉಬ್ಬಸ ಬಂದಿದೆ ಇದಕ್ಕೆ," ಎಂದ ಮಾವ. "ಈ ಡಬ್ಬಿ ಈಗ ಯಾರೂ ಮಾಡಲ್ಲ. ಕಿತ್ತಾಕು. ಕೈಯಿಂದ ಎಳೆಯೋ ಕೇಬಲ್ ಹಾಕೋಣ."

ಎರಡು ದಿನ ಹಿಡಿಯಿತು. ಅವಳು ನಾಲ್ಕು ಬೋಲ್ಟು ಬಿಚ್ಚಿ ಮುಚ್ಚಳ ತೆಗೆದಳು, ಆಕ್ಸಲ್ ಆಯಿಲು ಮೊಣಕೈವರೆಗೂ ಇಳಿಯಿತು. ಡಬ್ಬಿ ತೆಗೆದ ಜಾಗಕ್ಕೆ ದಪ್ಪ ತಗಡಿನ ತುಂಡು ಕೊರೆದು ಕೂರಿಸಿದಳು. ಹಳೆಯ ಟ್ರ್ಯಾಕ್ಟರಿನ ಕೇಬಲ್ಲನ್ನು ಬಳೆ ತಳ್ಳುವ ಕವೆಗೆ ಕಟ್ಟಿ, ಇನ್ನೊಂದು ತುದಿಯನ್ನು ಸ್ಟೀರಿಂಗಿನ ಕೆಳಗೆ ತಂದಳು. ಇಂಜಿನ್ನಿನ ಬಳಿ ಪೈಪುಗಳ ಬಾಯಿಗೆ ಬೆಣೆ ಜಡಿದಳು. ಮೊದಲ ಸಲ ಎಳೆದಾಗ ಏನೂ ಆಗಲಿಲ್ಲ. ಅವಳು ಪಾನಾ ಬಿಸಾಡಿದಳು. ಹಲ್ಲಿಗೆ ಹಲ್ಲು ಎದುರಾಗಿರಬೇಕು, ಗಾಡಿಯನ್ನು ಒಂದು ಗೇಣು ತಳ್ಳು ಎಂದ ಮಾವ. ತಳ್ಳಿದಳು. ಒಳಗೆ 'ಟಕ್' ಎಂದಿತು.

ಶುಕ್ರವಾರ ಇಂಜಿನಿಯರು ಕೇಬಲ್ ನೋಡಿದ ಕೂಡಲೇ ಮುಖ ಗಂಟುಹಾಕಿದರು.

"ಇದು ಕಂಪನಿ ಕೊಟ್ಟಿದ್ದಲ್ಲ. ಗಾಡಿಗೆ ನೀವು ಕೈ ಹಾಕೋ ಹಾಗಿಲ್ಲ."

"ಕಂಪನಿ ಕೊಟ್ಟಿದ್ದು ಕೈ ಕೊಡ್ತು ಸಾರ್. ಅದಕ್ಕೇ ಕೈ ಹಾಕಿದೆ. ಹತ್ತಿ, ಏರಲ್ಲೇ ನೋಡೋಣ."

ಹಿಂದಿನ ದಿನ ಮಳೆ ಬಂದಿತ್ತು. ಅವಳು ಕೇಬಲ್ ಮುಟ್ಟದೆ, ಇಂಜಿನಿಯರ ಕಣ್ಣೆದುರೇ ಲಿವರ್ ಹಾಕಿ ಏರಿಗೆ ಬಿಟ್ಟಳು. ಅರ್ಧಕ್ಕೆ ಜೀಪು ನಿಂತಿತು. ಇಳಿದು ಮುಂದಿನ ಗಾಲಿ ನೋಡಿ ಎಂದಳು. ಅವರು ಇಳಿದರು, ಪಾಲಿಶ್ ಮಾಡಿದ ಬೂಟು ಹಿಮ್ಮಡಿಯವರೆಗೆ ಹೂತಿತು. ಅವಳು ಮೆಲ್ಲಗೆ ಪೆಡಲ್ ಒತ್ತಿದಳು. ಹಿಂದಿನ ಗಾಲಿಗಳು ಸುತ್ತಿದವು, ಮುಂದಿನವು ಅಲುಗಲಿಲ್ಲ.

"ಲಿವರ್ ಎಲ್ಲಿದೆ ಸಾರ್?"

ಕಿಟಕಿಯಿಂದ ಇಣುಕಿದವರಿಗೆ ಲಿವರ್ ಹಾಕಿದ್ದು ಕಂಡಿತು. ಅವಳು ಸೀಟಿನ ಕೆಳಗಿಂದ ಹಳೆಯ ಡಬ್ಬಿ ತೆಗೆದು, ಹರಿದ ಪೊರೆ ತೋರಿಸಿದಳು. ಅವಳು ಅವರನ್ನು ಮತ್ತೆ ಹತ್ತಿಸಿಕೊಂಡು ಕೇಬಲ್ ಎಳೆದು, ಜೀಪನ್ನು ಒಂದು ಗೇಣು ಹಿಂದಕ್ಕೆ ಬಿಟ್ಟಳು. ಹಲ್ಲು ಕೂತಿತು. ಮುಂದಿನ ಗಾಲಿಗಳು ಮಣ್ಣು ಕಚ್ಚಿದವು. ಜೀಪು ಆತುರವಿಲ್ಲದೆ ಕ್ವಾರಿಯವರೆಗೆ ಹತ್ತಿತು. ಅಲ್ಲಿ ಕಲ್ಲು ಒಡೆಯುತ್ತಿದ್ದವರು ಸುತ್ತಿಗೆ ಕೆಳಗಿಟ್ಟು ನಿಂತು ನೋಡಿದರು.

ಇಂಜಿನಿಯರು ಕೆಟ್ಟ ಮನುಷ್ಯರೇನಲ್ಲ. ಬರೆದದ್ದನ್ನು ತಿದ್ದುವುದೆಂದರೆ ಅವರಿಗೆ ಜೀವ ಹೋದಂತೆ. ವಾಹನ ಈಗ ಸರಿಯಿದೆ ಎಂದು ಕೆಳಗೊಂದು ಸಾಲು ಸೇರಿಸುತ್ತೇನೆ, ಇಬ್ಬರಿಗೂ ಒಳ್ಳೆಯದು ಎಂದರು. ಅವಳು ಒಪ್ಪಲಿಲ್ಲ. ಹೊಸ ಸಾಲು ಬೇಡ, ಹಳೆಯದನ್ನು ಹೊಡೆದುಹಾಕಿ ಎಂದಳು. ಹಾಗೆ ಮಾಡಿದರೆ ಅನುಮತಿ ಇಲ್ಲದೆ ಗಾಡಿ ಬಿಚ್ಚಿದ್ದಕ್ಕೆ ಮೆಮೋ ಕೊಡಬೇಕಾಗುತ್ತದೆ, ನಿಮ್ಮ ಸೇವಾ ಪುಸ್ತಕದಲ್ಲಿ ಅದು ಕೊನೆತನಕ ಇರುತ್ತದೆ ಎಂದರು ಅವರು.

"ಕೊಡಿ ಸಾರ್. ಗಾಡಿ ಬಿಚ್ಚಿದ್ದು ನಾನೇ, ಅದಕ್ಕೆ ಸಹಿ ಹಾಕ್ತೀನಿ. ಲಿವರ್ ಹಾಕಿಲ್ಲ ಅನ್ನೋದಕ್ಕೆ ಹಾಕಲ್ಲ."

ಇಂಜಿನಿಯರು ಬಾನೆಟ್ಟಿನ ಮೇಲೆ ಕಾಗದ ಹರವಿ, ಆ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಹಾಕಿದರು.

ಮೆಮೋ ಸೋಮವಾರವೇ ಬಂತು. ಜೀಪು ಗುಜರಿಗೆ ಹೋಗಲಿಲ್ಲ.

ಮುಂದಿನ ತಿಂಗಳು ಬೇರೆ ಆಸ್ಪತ್ರೆಯ ಇಬ್ಬರು ಚಾಲಕರು ವಿಳಾಸ ಕೇಳಿಕೊಂಡು ಅಂಗಳಕ್ಕೆ ಬಂದರು. ಇಬ್ಬರದೂ ಅದೇ ಕಾಲದ ಜೀಪು, ಇಬ್ಬರ ಕಡತದಲ್ಲೂ ಅದೇ ಆರೋಪ. ಗಾಡಿ ಬಿಚ್ಚಿದರೆ ತಮಗೂ ಮೆಮೋ ಬರುತ್ತದೆಯೇ ಎಂದು ಅವರಲ್ಲೊಬ್ಬ ಅಳುಕುತ್ತಲೇ ಕೇಳಿದ. ಖಂಡಿತ ಬರುತ್ತದೆ ಎಂದಳು ಅವಳು. ಇಬ್ಬರಲ್ಲಿ ಹಿರಿಯವನು ಅಂಗಿಯ ತೋಳು ಮಡಚಿ, ಜಾಕ್ ಎಲ್ಲಿದೆ ಎಂದು ಕೇಳಿದ.