ಹಬ್ಬದ ಸುರಕುಂಬಾ

ತಾನು ಮಕಬೂಲಸಾಬನ ಹೆಂಡತಿ ಹೌದೋ ಅಲ್ಲವೋ ಎಂಬುದು ಅಬೀದಾಳಿಗೆ ತಿಳಿಯದಾಗಿತ್ತು. ಹುಬ್ಬಳ್ಳಿಯ ಕೇಶ್ವಾಪುರದ ಅವಳ ತವರುಮನೆಗೆ ಬಂದವರೆಲ್ಲ ಒಂದೊಂದು ಉತ್ತರ ಕೊಟ್ಟು, ಚಹಾ ಕುಡಿದು ಹೋಗಿದ್ದರು.

ನಡೆದದ್ದು ಇಷ್ಟು. 1939ರ ರಮಜಾನ್ ತಿಂಗಳು ಹಿಡಿಯುವ ಮೊದಲು, ಸೈಕಲ್ ರಿಪೇರಿಯ ಮಕಬೂಲಸಾಬ ಹೆಂಡತಿಯನ್ನು ಗಾಳಿ ಪಂಪಿನಿಂದ ಹೊಡೆದ. ಅದು ಮೊದಲ ಸಲವಲ್ಲ. ಅಬೀದಾಳ ತಾಯಿ ಮಾಬೂಬಿ ಬಿಡಿಸಲು ಹೋದಾಗ, ಅವಳೆದುರಿಗೇ ಒಂದು ಸಲ "ತಲಾಖ್" ಎಂದು ಹೇಳಿ, ತಾನೊಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮಾಬೂಬಿ ಮಗಳನ್ನು ಕರೆತಂದಳು. ತಲಾಖಿನ ನಂತರ ಹೆಂಗಸು ಕಾಯಬೇಕಾದ ಇದ್ದತ್ತಿನ ಅವಧಿ ಮುಗಿಯುವ ಮೊದಲೇ ಹಬ್ಬ ಬಂತು. ಅಂದು ಮಕಬೂಲಸಾಬ ಇಬ್ಬರು ಗೆಳೆಯರೊಡನೆ ಬಂದು ಜಮಖಾನೆಯ ಮೇಲೆ ಕುಳಿತ.

ಹಬ್ಬದ ದಿನ ಅಳಿಯನನ್ನು ಬಾಯಿ ಸಿಹಿ ಮಾಡದೆ ಕಳಿಸುವುದು ಆ ಮನೆಗೆ ಗೊತ್ತಿರಲಿಲ್ಲ. ಮಾಬೂಬಿ ಯೋಚಿಸಲೂ ಇಲ್ಲ. ಶಾವಿಗೆ, ಹಾಲು ಹಾಕಿ ಕಾಯಿಸಿದ ಸುರಕುಂಬಾ ತುಂಬಿದ ಬಟ್ಟಲನ್ನು ಮಗಳ ಕೈಗೆ ಕೊಟ್ಟಳು. ಮಗಳು ಒಯ್ದು ಅವನ ಮುಂದಿಟ್ಟಳು. ಅವನು ಉಂಡು, ಬಾಯಿ ಒರೆಸಿಕೊಂಡು ಗೆಳೆಯರಿಗೆ ಹೇಳಿದ: "ನೀವಿಬ್ರೂ ಸಾಕ್ಷಿ. ನನ್ನ ಹೇಂತೀನ್ನ ನಾ ವಾಪಸ್ ತಗೊಂಡೇನಿ."

ಈಗ, ಕಳಿಸುತ್ತೀರೋ ಇಲ್ಲಾ ಕೋರ್ಟಿಗೆ ಎಳೆಯಲೋ ಎಂದು ಹೇಳಿಕಳಿಸುತ್ತಿದ್ದ.

"ಒಂದ ಬಟ್ಟಲ ಸುರಕುಂಬಾಕ್ಕ ಹೇಂತಿ ವಾಪಸ್ ಬರ್ತಾಳಂದ್ರ, ಓಣ್ಯಾಗಿನ ಗಂಡಸರೆಲ್ಲಾ ಬಟ್ಟಲಾ ಹಿಡಕೊಂಡ ಅಡ್ಡಾಡ್ತಾರ," ಎಂದ ಸೋದರಮಾವ ಖಾಜಾಸಾಬ. ಧರ್ಮದ ಮಾತು ಕೇಳಲು ಕರೆಸಿದ್ದ ಖಾಜಿ ನಗಲಿಲ್ಲ. ಒಂದು ಸಲ ಹೇಳಿದ ತಲಾಖನ್ನು ಇದ್ದತ್ತಿನೊಳಗೆ ಗಂಡ ಹಿಂತೆಗೆದುಕೊಳ್ಳಬಹುದು, ಹೆಂಡತಿಯ ಒಪ್ಪಿಗೆ ಬೇಕಾಗಿಲ್ಲ ಎಂದರು. ಸಿಟ್ಟಿನಲ್ಲಿ ಆಡಿದ್ದು ತಲಾಖೇ ಅಲ್ಲ ಎಂದಳು ಪಕ್ಕದ ಮನೆಯ ಕರೀಮಾಬಿ. ಎಲ್ಲರ ಮಾತೂ ಅಬೀದಾಳಿಗೆ ಸರಿಯೆನಿಸುತ್ತಿತ್ತು, ಅದೇ ತೊಂದರೆಯಾಗಿತ್ತು.

ಡಿಸೆಂಬರಿನಲ್ಲಿ ತಾಯಿ, ಮಗಳು, ಮಾವ ಮೂವರೂ ರೈಲಿನಲ್ಲಿ ಧಾರವಾಡಕ್ಕೆ ಹೋಗಿ, ಮಾಳಮಡ್ಡಿಯ ನಾಡಗೀರ ವಕೀಲರ ಪಡಸಾಲೆಯಲ್ಲಿ ಕುಳಿತರು.

"ತಲಾಖ್ ಆಗೇತ್ರಿ," ಎಂದಳು ಮಾಬೂಬಿ. "ನನ್ನ ಮುಂದನ ಅಂದಾನ."

"ಅಂದದ್ದಕ್ಕ ನೀವೊಬ್ಬರ ಸಾಕ್ಷಿ. ವಾಪಸ್ ತಗೊಂಡದ್ದಕ್ಕ ಇಬ್ಬರಿದ್ದಾರ. ಆ ಇಬ್ಬರನ್ನೂ ನೀವ ಉಣಿಸಿ ಕಳಿಸೀರಿ."

"ಹಬ್ಬದಾಗ ಬಂದವ್ರನ್ನ ಹೊರಗ ಹಾಕಾಕ ಬರ್ತೈತೇನ್ರಿ, ವಕೀಲಸಾಹೇಬ್ರ?"

ವಕೀಲರು ಅಬೀದಾಳ ಕಡೆಗೆ ತಿರುಗಿದರು. "ತಂಗಿ, ಈ ಮಾರ್ಚದಾಗ ನಿಮ್ಮ ಹೆಣ್ಮಕ್ಕಳಿಗೆ ಹೊಸ ಕಾಯದೆ ಬಂದದ. ಹೊಡೆಯೋದು ಗಂಡನ ರೂಢಿ ಆದ್ರ, ಹೇಂತೀನ ಕೋರ್ಟಿಗೆ ಹೋಗಿ ನಿಖಾ ಬಿಡಿಸ್ರಿ ಅಂತ ಕೇಳಬಹುದು. ಗಂಡ ಒಪ್ಪಬೇಕಂತಿಲ್ಲ. ಆದ್ರ ಕೇಳಾಕಿ ಹೇಂತಿ ಆಗಿರಬೇಕು."

"ಅಂದ್ರ ಇಕಿ ಅವನ ಹೇಂತಿ ಅಂತ ನಾವ ಬರೆದ ಕೊಡಬೇಕೇನ್ರಿ?" ಮಾಬೂಬಿ ಸೆರಗು ಸರಿಮಾಡಿಕೊಂಡಳು. "ಊರ ತುಂಬ ಅಲ್ಲ ಅಂತ ಹೇಳಿ ಬಂದೇನಿ."

"ಎರಡೂ ಬರೀಲಿಕ್ಕೆ ಬರ್ತದ. ತಲಾಖ್ ಆಗೇದ, ಆಗಿಲ್ಲಂದ್ರ ಬಿಡಿಸ್ರಿ ಅಂತ. ಆದ್ರ ಎದುರಿನ ವಕೀಲ ಮೊದಲ ಅದನ್ನ ಕೇಳ್ತಾನ: ನೀ ಹೇಂತಿ ಹೌದೋ ಅಲ್ಲೋ. ಅವಾಗ ಖಾಜಿ ಏನಂದ್ರು, ಮಾವ ಏನಂದ್ರು ಅಂತ ಹೇಳಿಕೋತ ಕೂತ್ರ ಕೇಸ್ ಹೋತು."

ಅವನಿಂದ ಬಿಡಿಸಿಕೊಳ್ಳಲು ಮೊದಲು ಅವನವಳಾಗಬೇಕು. ಎಷ್ಟು ತಿರುಗಿಸಿ ನೋಡಿದರೂ ಅದು ಅಬೀದಾಳ ತಲೆಯಲ್ಲಿ ನೆಟ್ಟಗೆ ನಿಲ್ಲಲಿಲ್ಲ.

"ಹೇಂತಿ ಅಂತ ಬರಸಿದ್ರ, ಇವತ್ತ ಅವನ ಮನಿಗೆ ಹೋಗಬೇಕಾಗ್ತೈತೇನ್ರಿ?" ಎಂದು ಕೇಳಿದಳು.

"ಇಲ್ಲ. ಅವ ಕಳಸ್ರಿ ಅಂತ ದಾವೆ ಹಾಕಿದ್ರೂ, ಹೊಡೀತಾನ ಅನ್ನೂದು ಸಿದ್ಧಾದ್ರ ಕೋರ್ಟು ಹೋಗಂತ ಅನ್ನೂದಿಲ್ಲ. ಹೊಡದದ್ದನ್ನ ತಾಯಿ ಬಿಟ್ಟು ಬ್ಯಾರೆ ಯಾರರ ನೋಡ್ಯಾರೇನು?"

"ಪಂಪ್ ಕಸಗೊಂಡಾಂವ ಬಾಜೂ ಅಂಗಡ್ಯಾಂವ್ರಿ."

"ಬಂದು ಹೇಳ್ತಾನೇನು?"

"ಗೊತ್ತಿಲ್ರಿ."

"ಗೆಲ್ತೀರಿ ಅಂತ ನಾನೂ ಹೇಳಂಗಿಲ್ಲ," ಎಂದರು ವಕೀಲರು.

ತಾಯಿ ತೋಳು ಹಿಡಿದು ಜಗ್ಗಿದಳು. ಅಬೀದಾ ಬಿಡಿಸಿಕೊಂಡಳು. "ಬರಕೊಳ್ರಿ. ನಾ ಮಕಬೂಲಸಾಬನ ಹೇಂತಿ. ಬಿಡಸ್ರಿ."

ಸ್ಟೇಶನ್ನಿನ ದಾರಿಯಲ್ಲಿ ಮಾಬೂಬಿ ಕೇಳಿದಳು: "ಬಕ್ರೀದಕ್ಕ ಅವ ಮತ್ತ ಬಂದ್ರ?"

"ಉಣಸು. ನೀನ ಬಡಿಸು. ನಾ ಕರೀಮಾಬಿ ಮನ್ಯಾಗ ಇರ್ತೇನಿ."