ಮೂರು ಪೆಟ್ಟು, ಎರಡು ಪೆಟ್ಟು

ನಾನು ಗೇಣುದ್ದದ ಒಂದು ಮರದ ಕೋಲು. ಕ್ಯೂಬಾದ ಹವಾನಾ ಬಂದರಿನಲ್ಲಿ, ಹಡಗಿನ ಹಲಗೆ ಬಿಗಿಯುವ ಗೂಟವಾಗಲೆಂದು ನನ್ನನ್ನು ಕಡೆದರು. ಆದರೆ ನಾನು ಹಡಗು ಸೇರಲಿಲ್ಲ. ಹಮಾಲಿ ಎವರಿಸ್ಟೊ ನನ್ನನ್ನೂ ಇನ್ನೊಂದು ಗೂಟವನ್ನೂ ಎತ್ತಿಕೊಂಡು ಒಂದಕ್ಕೊಂದು ಬಡಿದು ನೋಡಿದ. ಆ ಬಂದರಿನಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮೊಮ್ಮಕ್ಕಳ ಡೋಲೂ ಇತ್ತು, ಸ್ಪೇನಿನವರ ಗಿಟಾರೂ ಇತ್ತು. ಎರಡನ್ನೂ ಒಟ್ಟಿಗೆ ನಡೆಸುವುದು ನಮ್ಮ ಕೆಲಸ: ಮೂರು ಪೆಟ್ಟು, ಆಮೇಲೆ ಎರಡು. ಅಂಗೈಯಲ್ಲಿ ಮಲಗಿ ಪೆಟ್ಟು ತಿನ್ನುವ ನನ್ನನ್ನು ಅಲ್ಲಿಯವರು ಹೆಣ್ಣು ಎನ್ನುತ್ತಾರೆ. ಮೇಲಿನಿಂದ ಬಡಿಯುವ ಇನ್ನೊಂದು ಕೋಲು ಗಂಡು.

ಎವರಿಸ್ಟೊ ಹೆಂಡತಿ ಡೆಲಿಯಾಳೊಂದಿಗೆ ನ್ಯೂಯಾರ್ಕಿಗೆ ಬಂದ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆಯುವುದು. ಸಂಜೆ ಅಡುಗೆಮನೆಯಲ್ಲಿ ಹೊರೇಸ್ ಎಂಬ ಟ್ರಂಪೆಟ್ ವಾದಕನೊಡನೆ ಅಭ್ಯಾಸ. ನಮ್ಮ ತಾಳದ ಮೇಲೆ ಅವನ ಜಾಝ್ ಕೂರಬೇಕು, ಇಬ್ಬರಿಗೂ ಅದೊಂದೇ ಹಟ. ಕೂರಲಿಲ್ಲ. ನಾವು ಮೂರು ಬಡಿಯುವಾಗ ಹೊರೇಸ್ ಎರಡಕ್ಕೆ ಹೊಂದುವ ಸಾಲು ಊದುತ್ತಿದ್ದ.

“ಊಟಕ್ಕೆ ಕರೆದ್ರೆ ಕೈ ತೊಳೆಯೋ ಹೊತ್ತಿಗೆ ಬರ್ತೀಯಲ್ಲೋ,” ಎಂದ ಎವರಿಸ್ಟೊ.

“ನಿನ್ನ ಊಟ ಯಾವಾಗ ಶುರು ಅಂತ ನಿನಗಾದ್ರೂ ಗೊತ್ತಾ?”

ಒಲೆಯ ಮುಂದಿದ್ದ ಡೆಲಿಯಾ ತಿರುಗಲಿಲ್ಲ. “ಅವನು ಎಣಿಸ್ತಿದಾನೆ. ಎಣಿಸೋರಿಗೆ ಇದು ಸಿಗಲ್ಲ. ಮೊದಲು ಕುಣೀಲಿ.”

ಕೈ ಒರೆಸಿಕೊಂಡು ಬಂದು ತಾನೇ ಅವನನ್ನು ಕುಣಿಸಿದಳು. ಮೂರು ವಾರ ಕುಣಿದ ಮೇಲೆ ಟ್ರಂಪೆಟ್ ತನ್ನ ಜಾಗಕ್ಕೆ ಬಂದು ಇಳಿಯಿತು. ಅಂಥ ಕೂಡಾಟಗಳಿಂದ ಬೆಳೆದ ಸಂಗೀತವನ್ನು ಜನ ಮುಂದೆ ಲ್ಯಾಟಿನ್ ಜಾಝ್ ಎಂದರು.

ಎವರಿಸ್ಟೊ ಅದನ್ನು ಜನರ ಮುಂದೆ ನುಡಿಸಿದ್ದು ಒಂದೇ ಸಲ. ಆ ಚಳಿಗಾಲ ನ್ಯುಮೋನಿಯಾ ಬಂತು. ಡೆಲಿಯಾ ಗಂಡುಕೋಲನ್ನು ಅವನ ಶವಪೆಟ್ಟಿಗೆಯಲ್ಲಿಟ್ಟಳು.

ವಸಂತದಲ್ಲಿ ಹೊರೇಸ್ ಹೊಸ ಕೋಲೊಂದನ್ನು ಮಾಡಿಸಿ ತಂದ. “ಅವನ ಜೊತೆ ನುಡಿಸಿದ್ದನ್ನೇ ಶನಿವಾರ ಮತ್ತೆ ನುಡಿಸ್ತೀವಿ. ಅವನ ತಾಳ ಗೊತ್ತಿರೋದು ನಿನಗೊಬ್ಬಳಿಗೇ. ಬಾ.”

ಅವಳು ನನ್ನನ್ನು ಹಿಡಿದಳು. ನನ್ನ ಕೆಳಗೆ ಅಂಗೈ ಬಟ್ಟಲಿನಂತಿರಬೇಕು; ಬಿಗಿ ಹಿಡಿದರೆ ನನಗೆ ದನಿಯಿಲ್ಲ. ಹೊಸ ಕೋಲು ನನ್ನ ಮೇಲೆ ಬಿದ್ದಾಗ ಸೌದೆಯ ಸದ್ದು ಬಂತು.

“ಸ್ವಲ್ಪ ಸಡಿಲ ಬಿಡು, ಡೆಲಿಯಾ.”

“ಆಗ್ತಿಲ್ಲ.”

ಅವನು ಕಾದ. ಆಮೇಲೆ ಹೊರಟುಹೋದ.

ಈಗ ನಾನು ಅವಳ ಹೊಲಿಗೆ ಡಬ್ಬಿಯಲ್ಲಿದ್ದೇನೆ. ರೇಡಿಯೊದಲ್ಲಿ ಆ ತಾಳ ಬರುತ್ತಿರುತ್ತದೆ. ಬೇರೆ ಊರಿನವರು, ಬೇರೆ ಕೋಲುಗಳು. ಡೆಲಿಯಾ ರೇಡಿಯೊ ಆರಿಸುವುದಿಲ್ಲ. ಮುಗಿಯುವವರೆಗೂ ನಿಂತು ಕೇಳಿ, ಮುಚ್ಚಳ ತೆಗೆದು, ನನ್ನನ್ನು ಎತ್ತಿಕೊಳ್ಳುತ್ತಾಳೆ. ತಾಳ ನಮ್ಮಿಬ್ಬರನ್ನು ಬಿಟ್ಟು ಮುಂದೆ ಹೋಗಿದೆ. ಹೋಗಬೇಕಾದ್ದೇ. ಅವಳ ಬೆರಳುಗಳು ಮಾತ್ರ ಇನ್ನೂ ಬಿಗಿದೇ ಇವೆ.